‘ಇದು ಕಿರುಕುಳವೋ, ಕೆಲಸದ ಒತ್ತಡವೋ?’

ಪ್ರಶ್ನೆ: ಖಾಸಗಿ ಸಂಸ್ಥೆಯೊಂದರಲ್ಲಿ ಆರು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಎಂಟು ತಿಂಗಳ ಹಿಂದೆ ಹೊಸ ಮ್ಯಾನೇಜರ್ ಬಂದ ಮೇಲೆ ನಾನು ನೋಡಿಕೊಳ್ಳುತ್ತಿದ್ದ ಮುಖ್ಯ ಕೆಲಸಗಳು ಒಂದೊಂದಾಗಿ ಬೇರೆಯವರ ಪಾಲಾದವು. ಮೀಟಿಂಗ್‌ಗಳಿಗೆ ಕರೆಯುವುದೂ ನಿಂತಿತು. ಒಮ್ಮೆ ತಂಡದ ಎದುರೇ ‘ಕೋಟಾದಲ್ಲಿ ಓದಿ ಬಂದವರಿಂದ ಇಷ್ಟೇ ನಿರೀಕ್ಷೆ ಮಾಡಬಹುದು’ ಎಂದರು. ನಾನು ಪರಿಶಿಷ್ಟ ಜಾತಿಗೆ ಸೇರಿದವಳೆಂದು ಅವರಿಗೆ ಗೊತ್ತು. ಇದರ ನಡುವೆ ಇನ್ನೊಂದು ತಂಡದ ಹಿರಿಯರೊಬ್ಬರು ರಾತ್ರಿ ಹೊತ್ತು ನನ್ನ ಉಡುಗೆ, ಮೈಕಟ್ಟಿನ ಬಗ್ಗೆ ಮೆಸೇಜ್ ಕಳಿಸುತ್ತಿದ್ದರು. ಎರಡು ತಿಂಗಳ ಹಿಂದೆ ‘ಇನ್ನು ಕಳಿಸಬೇಡಿ’ ಎಂದು ಬರೆದ ಮೇಲೆ ಅದು ನಿಂತಿದೆ. ಆದರೆ ಅವರು ನಮ್ಮ ಮ್ಯಾನೇಜರ್‌ಗೆ ಆಪ್ತರು. ಕಳೆದ ತಿಂಗಳು ನನಗೆ ‘ಕಾರ್ಯಕ್ಷಮತೆ ಸುಧಾರಣಾ ಯೋಜನೆ’ಯ ಪತ್ರ ಬಂತು. ಎಚ್‌ಆರ್ ಬಳಿ ಎಲ್ಲವನ್ನೂ ಹೇಳಿಕೊಂಡಾಗ ‘ಕೆಲಸದ ಒತ್ತಡ ಎಲ್ಲರಿಗೂ ಇರುತ್ತದೆ, ಸ್ವಲ್ಪ ಹೊಂದಿಕೊಳ್ಳಿ’ ಎಂದರು. ಇದು ಕಿರುಕುಳವೇ? ಅಥವಾ ನಾನೇ ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದೇನೆಯೇ?

ಉತ್ತರ: ಹೌದು, ಇದು ಕಿರುಕುಳ. ಆದರೆ ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ದೂರುಗಳಿವೆ: ಕೆಲಸ ಕಿತ್ತುಕೊಂಡು ಮೂಲೆಗುಂಪು ಮಾಡಿದ್ದು, ಜಾತಿಯ ಮೂದಲಿಕೆ, ಲೈಂಗಿಕ ಕಿರುಕುಳ, ಮತ್ತು ಬೇಡವೆಂದ ಮೇಲೆ ಬಂದ ಸುಧಾರಣಾ ಪತ್ರ. ನಾಲ್ಕನ್ನೂ ಒಂದೇ ಗಂಟು ಕಟ್ಟಿ ಎಚ್‌ಆರ್ ಮುಂದಿಟ್ಟಿರಿ. ಅವರು ಆ ಗಂಟಿನ ಮೇಲೆ ‘ಒತ್ತಡ’ ಎಂಬ ಚೀಟಿ ಅಂಟಿಸಿ ಪಕ್ಕಕ್ಕಿಟ್ಟರು. ಕಿರುಕುಳದ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಹೀಗೆಯೇ. ಪ್ರತಿಯೊಂದು ಬಗೆಗೂ ಅದರದೇ ಹೆಸರು, ಅದರದೇ ಬಾಗಿಲು, ಅದರದೇ ಗಡುವು ಇದೆ. ಹೆಸರು ತಪ್ಪಿದರೆ ತಪ್ಪು ಬಾಗಿಲು ತಟ್ಟುತ್ತಾ ನಿಲ್ಲುತ್ತೀರಿ, ಅಷ್ಟರಲ್ಲಿ ಸರಿಯಾದ ಬಾಗಿಲು ಮುಚ್ಚಿರುತ್ತದೆ.

ನಿಮ್ಮ ವಿಷಯದಲ್ಲಿ ಅಂಥ ಒಂದು ಬಾಗಿಲು ಮುಚ್ಚಲು ಸುಮಾರು ಒಂದು ತಿಂಗಳಷ್ಟೇ ಉಳಿದಿದೆ. ಅಲ್ಲಿಂದಲೇ ಶುರು ಮಾಡೋಣ.

ರಾತ್ರಿಯ ಮೆಸೇಜ್‌ಗಳು

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ಎಲ್ಲರೂ ಪಾಶ್ ಕಾಯ್ದೆ ಎನ್ನುತ್ತಾರೆ. ಅದರಲ್ಲಿ ಐದು ಬಗೆಯ ನಡವಳಿಕೆಗಳಿವೆ: ಮೈಮುಟ್ಟುವುದು ಅಥವಾ ಮೈಮೇಲೆ ಬರುವುದು, ಲೈಂಗಿಕ ಬೇಡಿಕೆ ಇಡುವುದು, ಲೈಂಗಿಕ ಬಣ್ಣದ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಮತ್ತು ಮಾತಿನಲ್ಲೋ ಮೌನದಲ್ಲೋ ಸನ್ನೆಯಲ್ಲೋ ನಡೆಯುವ ಲೈಂಗಿಕ ಸ್ವರೂಪದ ಬೇರೆ ಯಾವುದೇ ವರ್ತನೆ. ಐದಕ್ಕೂ ತಳಹದಿಯಾಗಿರುವುದು ‘ಬೇಡವಾದದ್ದು’ ಎಂಬ ಒಂದೇ ಪದ. ಕಳಿಸಿದವರ ಉದ್ದೇಶ ತಮಾಷೆಯೋ ಮೆಚ್ಚುಗೆಯೋ ಎಂಬುದು ಎರಡನೆಯ ಮಾತು. ಪಡೆದವರಿಗೆ ಅದು ಬೇಡವಾಗಿತ್ತೇ ಎಂಬುದು ಮೊದಲನೆಯದು. ಮುಟ್ಟದಿದ್ದರೂ ಲೈಂಗಿಕ ಕಿರುಕುಳವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ, ಅಪಾರೆಲ್ ಎಕ್ಸ್‌ಪೋರ್ಟ್ ಪ್ರಮೋಷನ್ ಕೌನ್ಸಿಲ್ ಪ್ರಕರಣದಲ್ಲಿ ಹೇಳಿದೆ. ಉಡುಗೆ, ಮೈಕಟ್ಟಿನ ಬಗ್ಗೆ ಪದೇ ಪದೇ ಬರೆಯುವುದು ಮೂರನೆಯ ಬಗೆಗೆ ನೇರವಾಗಿ ಸೇರುತ್ತದೆ.

‘ಆಫೀಸಿನ ಹೊರಗೆ, ರಾತ್ರಿ, ಸ್ವಂತ ಫೋನಿನಲ್ಲಿ ಬಂದ ಮೆಸೇಜ್’ ಎಂಬ ವಾದ ಎದುರಾಗಬಹುದು. ಈ ಕಾಯ್ದೆಯಲ್ಲಿ ಕೆಲಸದ ಸ್ಥಳವೆಂದರೆ ನಾಲ್ಕು ಗೋಡೆ ಅಷ್ಟೇ ಅಲ್ಲ. ಕೆಲಸದ ನಿಮಿತ್ತ ಹೋಗುವ ಜಾಗ, ಸಂಸ್ಥೆ ಒದಗಿಸಿದ ವಾಹನ, ಮನೆಗೆಲಸದವರ ಮಟ್ಟಿಗೆ ಆ ಮನೆಯೂ ಅದರಲ್ಲಿ ಸೇರಿವೆ. ನಿಮ್ಮಿಬ್ಬರ ನಡುವಿನ ಸಂಬಂಧ ಹುಟ್ಟಿದ್ದೇ ಕೆಲಸದಿಂದ, ಅವರು ಹುದ್ದೆಯಲ್ಲಿ ಮೇಲಿನವರು, ಅವರ ಸ್ನೇಹಿತರ ಕೈಯಲ್ಲಿ ನಿಮ್ಮ ಮೌಲ್ಯಮಾಪನವಿದೆ. ದೂರಿನಲ್ಲಿ ಈ ಮೂರನ್ನೂ ಸ್ಪಷ್ಟವಾಗಿ ಬರೆಯಿರಿ.

ಗಡುವು ಹೀಗಿದೆ. ಘಟನೆ ನಡೆದ ಮೂರು ತಿಂಗಳೊಳಗೆ, ಇಂಥ ದೂರುಗಳನ್ನು ವಿಚಾರಿಸಲೆಂದೇ ಸಂಸ್ಥೆಯಲ್ಲಿರುವ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಘಟನೆಗಳು ಸರಣಿಯಾಗಿದ್ದರೆ ಕೊನೆಯದರಿಂದ ಲೆಕ್ಕ. ಅಂದರೆ ಕೊನೆಯ ಮೆಸೇಜಿನ ತಾರೀಖಿನಿಂದ ಮೂರು ತಿಂಗಳು ಎಣಿಸಿ. ಹಳೆಯ ಮೆಸೇಜ್‌ಗಳನ್ನೂ ಅದೇ ಸರಣಿಯ ಭಾಗವಾಗಿ ಸೇರಿಸಬಹುದು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ಆದರೆ ಅದು ಸಮಿತಿಯ ವಿವೇಚನೆಗೆ ಬಿಟ್ಟದ್ದು. ಅದನ್ನು ನಂಬಿ ಕೂರಬೇಡಿ. ಬಹಳ ಜನ ಎಡವುವ ಜಾಗ ಇನ್ನೊಂದಿದೆ: ಎಚ್‌ಆರ್ ಬಳಿ ಬಾಯಿಮಾತಿನಲ್ಲಿ ಹೇಳಿದ್ದರಿಂದ ಈ ಗಡಿಯಾರ ನಿಲ್ಲುವುದಿಲ್ಲ. ಎಚ್‌ಆರ್ ಬೇರೆ, ಆಂತರಿಕ ಸಮಿತಿ ಬೇರೆ. ದೂರು ಆ ಸಮಿತಿಯ ಹೆಸರಿಗೇ, ಬರಹದಲ್ಲೇ ಹೋಗಬೇಕು. ಬರೆಯಲು ಆಗದವರಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ.

ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿಯೊಬ್ಬರು ಅಧ್ಯಕ್ಷರು, ಕನಿಷ್ಠ ಇಬ್ಬರು ಉದ್ಯೋಗಿ ಸದಸ್ಯರು, ಸಂಸ್ಥೆಗೆ ಸಂಬಂಧಪಡದ ಒಬ್ಬ ಹೊರಗಿನ ಸದಸ್ಯರು. ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು. ನಿಯಮದಂತೆ ದೂರಿನ ಆರು ಪ್ರತಿ, ದಾಖಲೆಗಳು, ಸಾಕ್ಷಿಗಳ ಹೆಸರು ವಿಳಾಸ ಕೊಡಬೇಕು. ಏಳು ಕೆಲಸದ ದಿನಗಳಲ್ಲಿ ಒಂದು ಪ್ರತಿ ಆರೋಪಿತರಿಗೆ ಹೋಗುತ್ತದೆ, ಅವರು ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿ ನಂತರದ 10 ದಿನಗಳಲ್ಲಿ ಬರಬೇಕು, ಸಂಸ್ಥೆ 60 ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು. ಸಮಿತಿಯ ಮುಂದೆ ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ. ದೂರು ಬರೆಯುವಾಗ ವಕೀಲರ ಸಲಹೆ ಪಡೆಯಲು ಯಾವ ಅಡ್ಡಿಯೂ ಇಲ್ಲ, ಪಡೆಯುವುದೇ ಒಳ್ಳೆಯದು. ಮೂರು ಸಲ ಸತತವಾಗಿ ವಿಚಾರಣೆಗೆ ಹೋಗದಿದ್ದರೆ ಸಮಿತಿ 15 ದಿನಗಳ ನೋಟಿಸ್ ಕೊಟ್ಟು ದೂರನ್ನೇ ಮುಕ್ತಾಯಗೊಳಿಸಬಹುದು. ಮನಸ್ಸು ಎಷ್ಟೇ ಸೋತಿದ್ದರೂ ದಿನ ತಪ್ಪಿಸಬೇಡಿ. ಬರಲಾಗದಿದ್ದರೆ ಮೊದಲೇ ಬರಹದಲ್ಲಿ ತಿಳಿಸಿ.

‘ರಾಜಿ ಮಾಡಿಕೊಳ್ಳಿ’ ಎಂಬ ಮಾತು ಬರಬಹುದು. ವಿಚಾರಣೆಗೆ ಮೊದಲು ಸಂಧಾನಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅದು ದೂರುದಾರರು ಕೇಳಿದರೆ ಮಾತ್ರ, ಮತ್ತು ಹಣ ಕೊಟ್ಟು ಮುಗಿಸುವಂತಿಲ್ಲ. ‘ಸಾಬೀತಾಗದಿದ್ದರೆ ನಿನ್ನ ಮೇಲೇ ಕೇಸು’ ಎಂದು ಹೆದರಿಸುವುದೂ ಇದೆ. ಸುಳ್ಳೆಂದು ಗೊತ್ತಿದ್ದೂ ದುರುದ್ದೇಶದಿಂದ ಕೊಟ್ಟ ದೂರಿಗೆ ಮಾತ್ರ ಕ್ರಮವಿದೆ. ಪುರಾವೆ ಸಾಲಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರರ ಮೇಲೆ ಕ್ರಮವಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಇನ್ನು ನಿಮ್ಮ ಹಳೆಯ ಉತ್ತರಗಳ ವಿಷಯ. ಹಿರಿಯರೆಂದು ಮುಲಾಜಿಗೆ ಬಿದ್ದು ಆರಂಭದಲ್ಲಿ ಒಂದು ನಗುವಿನ ಚಿಹ್ನೆ ಕಳಿಸಿರಬಹುದು, ‘ಥ್ಯಾಂಕ್ಸ್ ಸರ್’ ಎಂದಿರಬಹುದು. ಅದನ್ನು ಅಳಿಸಬೇಡಿ. ಅಳಿಸಿದರೆ ಅದೇ ಅನುಮಾನಕ್ಕೆ ಎಡೆಯಾಗುತ್ತದೆ. ಪೂರ್ತಿ ಮಾತುಕತೆಯನ್ನು ಕೊಟ್ಟು, ಯಾಕೆ ಹಾಗೆ ಬರೆದಿರಿ ಎಂದು ಒಂದು ಸಾಲಿನಲ್ಲಿ ವಿವರಿಸಿ. ಮುಲಾಜಿನ ಉತ್ತರ ಒಪ್ಪಿಗೆಯಲ್ಲ. ‘ಇನ್ನು ಕಳಿಸಬೇಡಿ’ ಎಂಬ ನಿಮ್ಮ ಸಾಲು ಬಲವಾದ ದಾಖಲೆ. ಅದಾದ ಮೇಲೂ ಮತ್ತೆ ಮತ್ತೆ ಸಂಪರ್ಕಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಹಿಂಬಾಲಿಕೆಯ ಅಪರಾಧವಾಗಬಹುದು. ಲೈಂಗಿಕ ಬಣ್ಣದ ಮಾತಿಗೆ ಅದೇ ಸಂಹಿತೆಯ 75ನೇ ಕಲಮಿನಲ್ಲಿ ಒಂದು ವರ್ಷದವರೆಗೆ, ಬೇಡವಾದ ಸ್ಪರ್ಶ, ಲೈಂಗಿಕ ಬೇಡಿಕೆಗಳಿಗೆ ಮೂರು ವರ್ಷದವರೆಗೆ ಜೈಲು ಇದೆ. ಪೊಲೀಸರ ಬಳಿ ಹೋಗಲು ಸಮಿತಿಯ ತೀರ್ಪಿಗೆ ಕಾಯಬೇಕಿಲ್ಲ, ಅದಕ್ಕೆ ಈ ಮೂರು ತಿಂಗಳ ಮಿತಿಯೂ ಅನ್ವಯಿಸದು. ಪೊಲೀಸ್ ದೂರು ಕೊಡಬಯಸಿದರೆ ನೆರವಾಗುವುದು ಸಂಸ್ಥೆಯ ಹೊಣೆ.

ಕೆಲಸವನ್ನೇ ಆಯುಧ ಮಾಡಿಕೊಂಡಾಗ

ಗುರುತು ಹಿಡಿಯಲು ಎಲ್ಲಕ್ಕಿಂತ ಕಷ್ಟವಾದದ್ದು ಇದು. ಬೈಗುಳವಿಲ್ಲ, ಕೈ ಎತ್ತುವುದಿಲ್ಲ. ಒಂದೊಂದು ಘಟನೆಯನ್ನು ಬಿಡಿಯಾಗಿ ನೋಡಿದರೆ ಸಾಮಾನ್ಯ ಆಡಳಿತವೇ ಅನಿಸುತ್ತದೆ. ಕನ್ನಡದ ಆಫೀಸುಗಳಲ್ಲಿ ಇದಕ್ಕೆ ‘ಹೊಗೆ ಹಾಕುವುದು’ ಎಂಬ ಮಾತೇ ಇದೆ. ತಾನಾಗಿಯೇ ಎದ್ದು ಹೋಗಲಿ ಎಂದು ಉಸಿರು ಕಟ್ಟಿಸುವುದು ಅದರ ಗುರಿ.

ಅದರ ವಿಧಗಳು ಹಲವು. ಮಾಡಲಾಗದಷ್ಟು ಕೆಲಸ ಹೇರುವುದು ಎಲ್ಲರಿಗೂ ಗೊತ್ತಿರುವ ವಿಧ. ಅದರ ತಿರುಗುಮುರುಗು, ಅಂದರೆ ಕೆಲಸವನ್ನೇ ಕೊಡದೆ ಕೂರಿಸುವುದು, ಹೆಚ್ಚು ನೋಯಿಸುತ್ತದೆ, ಆದರೆ ‘ಆರಾಮಾಗಿ ಸಂಬಳ ಬರುತ್ತಿದೆಯಲ್ಲ’ ಎಂದು ಸುತ್ತಲಿನವರು ಅದನ್ನು ತಳ್ಳಿಹಾಕುತ್ತಾರೆ. ಬೇಕಾದ ಮಾಹಿತಿ ತಡೆಹಿಡಿದು ನಂತರ ತಪ್ಪಿಗೆ ಹೊಣೆ ಮಾಡುವುದು. ಬಾಯಲ್ಲಿ ಒಂದು ಸೂಚನೆ ಕೊಟ್ಟು, ಮೇಲ್‌ನಲ್ಲಿ ‘ಹಾಗೆ ಹೇಳೇ ಇಲ್ಲ’ ಎನ್ನುವುದು. ರಜೆ ಅರ್ಜಿಯನ್ನು ಕೊನೆಯ ದಿನದವರೆಗೆ ಬಾಕಿ ಇಟ್ಟು ಆಟವಾಡಿಸುವುದು. ಮಾಡಿದ ಕೆಲಸ ಬೇರೆಯವರ ಹೆಸರಿನಲ್ಲಿ ಹೋಗುವುದು. ತಂಡದ ಗ್ರೂಪಿನಿಂದ ತೆಗೆದು, ಅದೇ ಗ್ರೂಪಿನಲ್ಲಿ ಸಮಯ ಬದಲಿಸಿ, ‘ನೀವು ತಡ’ ಎನ್ನುವುದು. ಮನೆಯಿಂದ ಕೆಲಸ ಮಾಡುವವರ ಮೇಲೆ ಇದರ ಡಿಜಿಟಲ್ ರೂಪವಿದೆ: ಇಡೀ ದಿನ ಕ್ಯಾಮೆರಾ ತೆರೆದಿಡಬೇಕೆಂಬ ಆಜ್ಞೆ ಒಬ್ಬರಿಗೆ ಮಾತ್ರ, ಉತ್ತರಕ್ಕೆ ಐದು ನಿಮಿಷ ತಡವಾದರೆ ಎಲ್ಲರೂ ಇರುವ ಗ್ರೂಪಿನಲ್ಲಿ ಪ್ರಶ್ನೆ.

ಹಾಗಾದರೆ ಬಿಗಿ ಮ್ಯಾನೇಜರ್ ಮತ್ತು ಕಿರುಕುಳ ಕೊಡುವವರ ನಡುವಿನ ಗೆರೆ ಎಲ್ಲಿ? ಗಡುವು ಹಾಕುವುದು, ತಪ್ಪು ತೋರಿಸುವುದು, ಕಡಿಮೆ ಅಂಕ ಕೊಡುವುದು, ಕೆಲಸ ಬದಲಿಸುವುದು ಮ್ಯಾನೇಜರ್‌ನ ಅಧಿಕಾರ. ಅದು ಕಹಿಯಾಗಿದ್ದ ಮಾತ್ರಕ್ಕೆ ಕಿರುಕುಳವಾಗದು. ಎಲ್ಲರಿಗೂ ಒಂದೇ ಅಳತೆಯಲ್ಲಿ ಬಿಗಿಯಾಗಿರುವವರನ್ನು ಕಿರುಕುಳದವರೆಂದು ಕರೆದರೆ ನಿಜವಾದ ದೂರುಗಳ ತೂಕವೇ ಕಡಿಮೆಯಾಗುತ್ತದೆ. ನೋಡಬೇಕಾದದ್ದು ಇಷ್ಟು: ಟೀಕೆ ಕೆಲಸದ ಮೇಲಿದೆಯೇ, ಮನುಷ್ಯರ ಮೇಲಿದೆಯೇ? ‘ಈ ವರದಿಯ ಮೂರನೇ ಪಟ್ಟಿಯಲ್ಲಿ ಲೆಕ್ಕ ತಪ್ಪಿದೆ’ ಎಂಬುದು ಕೆಲಸದ ಮೇಲಿನ ಮಾತು, ‘ನಿಮ್ಮಿಂದ ಏನೂ ಆಗುವುದಿಲ್ಲ’ ಎಂಬುದು ಮನುಷ್ಯರ ಮೇಲಿನದು. ಅದೇ ತಪ್ಪಿಗೆ ಬೇರೆಯವರಿಗೆ ಏನಾಯಿತು? ಕರೆಸಿ ಹೇಳಿದರೇ, ಜನ ಸೇರಿದಾಗ ಹೇಳಿದರೇ?

ನನಗೆ ಇವೆಲ್ಲಕ್ಕಿಂತ ನೆಚ್ಚಿಗೆಯಾದ ಪರೀಕ್ಷೆ ಇನ್ನೊಂದು. ‘ನನ್ನಿಂದ ಏನು ನಿರೀಕ್ಷೆ ಇದೆ, ಯಾವಾಗಿನೊಳಗೆ, ಅಳೆಯುವುದು ಹೇಗೆ’ ಎಂದು ಬರಹದಲ್ಲಿ ಕೇಳಿ. ಬಿಗಿ ಮ್ಯಾನೇಜರ್ ಉತ್ತರಿಸುತ್ತಾರೆ, ಎಷ್ಟೋ ಸಲ ಸಂತೋಷದಿಂದಲೇ. ಕಿರುಕುಳ ಕೊಡುವವರಿಗೆ ಸ್ಪಷ್ಟತೆ ಬೇಡ. ಗುರಿ ಬರಹದಲ್ಲಿ ನಿಂತುಬಿಟ್ಟರೆ ಅದನ್ನು ಸರಿಸಲಾಗದು. ಹಾಗಾಗಿ ಉತ್ತರ ಬರುವುದಿಲ್ಲ, ಇಲ್ಲವೇ ‘ಇಷ್ಟು ವರ್ಷವಾದರೂ ಗೊತ್ತಿಲ್ಲವೇ’ ಎಂಬ ಚುಚ್ಚುಮಾತು ಬರುತ್ತದೆ.

ಎಷ್ಟು ದಿನ ನಡೆದರೆ ಕಿರುಕುಳ ಎಂಬ ಪ್ರಶ್ನೆಯೂ ಇದೆ. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಈ ವಿಷಯವನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಹೈಂಜ್ ಲೇಮನ್ ವಾರಕ್ಕೆ ಒಮ್ಮೆಯಾದರೂ, ಆರು ತಿಂಗಳ ಕಾಲ ಎಂಬ ಅಳತೆ ಬಳಸಿದ್ದರು. ಅದು ಸಂಶೋಧನೆಗೆ ಹಾಕಿಕೊಂಡ ಗೆರೆ, ಕಾನೂನಿನ ಗೆರೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ, ಒಮ್ಮೆ ನಡೆದರೂ ಪದೇ ಪದೇ ನಡೆದರೂ ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿ ತರುವ ವರ್ತನೆ ಕಿರುಕುಳವೇ ಎನ್ನುತ್ತದೆ. ಹೊಡೆತ, ಕೋಣೆಯಲ್ಲಿ ಕೂಡಿಹಾಕುವುದು, ಮೈಮುಟ್ಟುವುದು ಇವಕ್ಕೆ ಒಂದೇ ಸಲ ಸಾಕು. ಮೂಲೆಗುಂಪು ಮಾಡುವಂಥದ್ದು ಸರಣಿಯಲ್ಲಿ ಮಾತ್ರ ಕಾಣುತ್ತದೆ. ನಿಮ್ಮದು ಎಂಟು ತಿಂಗಳ ಸರಣಿ.

ಕಹಿಯಾದರೂ ಹೇಳಲೇಬೇಕಾದ ಮಾತು: ಲೈಂಗಿಕವಲ್ಲದ ಇಂಥ ಕಿರುಕುಳಕ್ಕೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಇದೊಂದು ದೊಡ್ಡ ಕೊರತೆ. ಸದ್ಯಕ್ಕೆ ಇರುವ ದಾರಿಗಳು ಸಂಸ್ಥೆಯ ನಡತೆ ಸಂಹಿತೆ, ಅದರಡಿಯ ದೂರು ವ್ಯವಸ್ಥೆ, ಮತ್ತು 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಇರಬೇಕಾದ ಕುಂದುಕೊರತೆ ಸಮಿತಿ. ವ್ಯವಸ್ಥಾಪಕ ಹುದ್ದೆಯಲ್ಲಿರುವವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರಾಗುವುದಿಲ್ಲವಾದ್ದರಿಂದ ನಿಮ್ಮ ಕೆಲಸದ ಸ್ವರೂಪ ಯಾವುದೆಂದು ನೋಡಿಕೊಳ್ಳಬೇಕು. ಬೆದರಿಕೆ, ಹಲ್ಲೆ, ಮಾನಹಾನಿಯ ಮಟ್ಟಕ್ಕೆ ಹೋದರೆ ನ್ಯಾಯ ಸಂಹಿತೆಯ ಸಾಮಾನ್ಯ ಕಲಮುಗಳಿವೆ. ಪುರುಷ ಉದ್ಯೋಗಿಗಳಿಗೂ ಇವೇ ದಾರಿಗಳು. ಪಾಶ್ ಕಾಯ್ದೆಯಡಿ ದೂರು ಕೊಡಲು ಮಹಿಳೆಯರಿಗೆ ಮಾತ್ರ ಸಾಧ್ಯ, ಆದರೆ ಎಷ್ಟೋ ಸಂಸ್ಥೆಗಳು ತಮ್ಮ ಒಳ ನೀತಿಯನ್ನು ಎಲ್ಲರಿಗೂ ಅನ್ವಯಿಸುವಂತೆ ಮಾಡಿಕೊಂಡಿವೆ. ಆರೋಪಿತರೂ ಮಹಿಳೆಯೇ ಆಗಿದ್ದರೆ ದೂರು ನಿಲ್ಲುತ್ತದೆಯೇ ಎಂದರೆ, ನಿಲ್ಲುತ್ತದೆ ಎಂದು ಕಲ್ಕತ್ತಾ ಹೈಕೋರ್ಟ್ 2020ರಲ್ಲಿ ಹೇಳಿದೆ.

‘ಕೋಟಾ’ ಎಂಬ ಮಾತು

ಜಾತಿಯ ಹೆಸರೆತ್ತದೆ ಜಾತಿಯನ್ನು ಮೂದಲಿಸುವ ಮಾತುಗಳು ಆಫೀಸುಗಳಲ್ಲಿ ಹೇರಳ: ‘ಕೋಟಾ’, ‘ಮೆರಿಟ್ ಇದ್ದಿದ್ದರೆ’, ‘ನಿಮ್ಮ ಕಡೆಯವರು’, ಮಾತಿನ ನಡುವೆ ಪೂರ್ತಿ ಹೆಸರು ಕೇಳಿ ಅಡ್ಡಹೆಸರು ಹುಡುಕುವುದು, ಊಟದ ಹೊತ್ತಿಗೆ ಬೇರೆ ಮೇಜು ಹಿಡಿಯುವುದು. ಇವು ನಡತೆ ಸಂಹಿತೆಯಡಿ ಖಂಡಿತವಾಗಿ ದುರ್ವರ್ತನೆ. ಎಚ್‌ಆರ್‌ಗೆ ಕೊಡುವ ದೂರಿನಲ್ಲಿ ಇದನ್ನು ‘ಅವಮಾನ’ ಎಂದು ತೇಲಿಸದೆ ‘ಜಾತಿ ಆಧಾರಿತ ಅವಮಾನ’ ಎಂದೇ ಬರೆಯಿರಿ.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರ 3ನೇ ಕಲಮಿನಲ್ಲಿ ಎರಡು ಉಪಕಲಮುಗಳು ಇಲ್ಲಿ ಮುಖ್ಯ. ಒಂದು, ಜಾತಿ ಹೆಸರು ಹಿಡಿದು ನಿಂದಿಸುವುದು. ಇನ್ನೊಂದು, ಹೆಸರು ಹಿಡಿಯದಿದ್ದರೂ ಅವಮಾನಿಸುವ ಉದ್ದೇಶದಿಂದಲೇ ಹೀಯಾಳಿಸುವುದು ಅಥವಾ ಬೆದರಿಸುವುದು. ನಿಮ್ಮದು ಎರಡನೆಯದಕ್ಕೆ ಹತ್ತಿರ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಆದರೆ ಎರಡಕ್ಕೂ ಒಂದು ಷರತ್ತಿದೆ: ಮಾತು ‘ಸಾರ್ವಜನಿಕರ ಕಣ್ಣಿಗೆ ಬೀಳುವ’ ಜಾಗದಲ್ಲಿ ಆಡಿದ್ದಾಗಿರಬೇಕು. ಸಾರ್ವಜನಿಕರು ಯಾರೂ ಇಲ್ಲದೆ ನಾಲ್ಕು ಗೋಡೆಗಳ ಒಳಗೆ ಆಡಿದ ಮಾತು ಇದರಡಿ ಬರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ಮೀಟಿಂಗ್ ಕೋಣೆ ಈ ಗೆರೆಯ ಯಾವ ಕಡೆ ಬೀಳುತ್ತದೆ ಎಂಬುದೇ ವಾದದ ವಿಷಯವಾಗುತ್ತದೆ. ಹಾಗಾಗಿ ಅಂದು ಕೋಣೆಯಲ್ಲಿ ಯಾರ್ಯಾರಿದ್ದರು, ಹೊರಗಿನವರು ಅಥವಾ ಗ್ರಾಹಕರು ಇದ್ದರೇ, ವಿಡಿಯೋ ಕರೆಯಲ್ಲಿ ಯಾರು ಸೇರಿಕೊಂಡಿದ್ದರು, ಬಾಗಿಲು ತೆರೆದಿತ್ತೇ ಎಂಬ ಸಣ್ಣ ವಿವರಗಳೇ ಪ್ರಕರಣವನ್ನು ನಿಲ್ಲಿಸುತ್ತವೆ ಅಥವಾ ಬೀಳಿಸುತ್ತವೆ. ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಈ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ತನಿಖೆ ಬೇಕಿಲ್ಲ. ತನಿಖೆ ನಡೆಸುವುದು ಡಿವೈಎಸ್‌ಪಿ ದರ್ಜೆಯ ಅಧಿಕಾರಿ.

ಇದೇ ಮಾದರಿಯ ರಕ್ಷಣೆ ಇನ್ನೂ ಕೆಲವರಿಗಿದೆ. ಅಂಗವಿಕಲರನ್ನು ಜನರೆದುರು ಅವಮಾನಿಸುವುದಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಮಿನಲ್ಲಿ ಆರು ತಿಂಗಳಿಂದ ಐದು ವರ್ಷ ಶಿಕ್ಷೆ ಇದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಉದ್ಯೋಗದಲ್ಲಿ ತಾರತಮ್ಯವನ್ನು 2019ರ ಕಾಯ್ದೆ, ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ ನಿಷೇಧಿಸುತ್ತವೆ.

ಬೇಡವೆಂದ ಮೇಲೆ ಬಂದ ಪತ್ರ

ಸೇಡಿನ ಕ್ರಮ ಯಾವಾಗಲೂ ನಿಯಮದ ಉಡುಪು ತೊಟ್ಟೇ ಬರುತ್ತದೆ: ವರ್ಗಾವಣೆ, ಕಡಿಮೆ ಅಂಕ, ಶೋಕಾಸ್ ನೋಟಿಸ್, ಸುಧಾರಣಾ ಯೋಜನೆ. ಪತ್ರದ ಭಾಷೆಗಿಂತ ಅದು ಬಂದ ಸಮಯವೇ ಹೆಚ್ಚು ಮಾತಾಡುತ್ತದೆ. ಆರು ವರ್ಷದ ಮೌಲ್ಯಮಾಪನಗಳನ್ನು ಒಂದು ಸಾಲಿನಲ್ಲಿ, ‘ಕಳಿಸಬೇಡಿ’ ಎಂದ ತಾರೀಖು ಮತ್ತು ಪತ್ರದ ತಾರೀಖನ್ನು ಅದರ ಕೆಳಗೆ ಬರೆದು ನೋಡಿ. ಐದು ವರ್ಷ ಚೆನ್ನಾಗಿದ್ದ ಅಂಕ ಆ ತಾರೀಖಿನ ನಂತರ ಮಾತ್ರ ಕುಸಿದಿದ್ದರೆ, ಅದಕ್ಕೆ ಕಾರಣ ಹೇಳಬೇಕಾದವರು ಅವರು. ಹೊಸ ಮ್ಯಾನೇಜರ್ ಬಂದಾಗಲೇ ಕುಸಿದಿದ್ದರೆ ಪತ್ರದ ಬೇರು ಮೆಸೇಜ್‌ಗಿಂತ ಹೆಚ್ಚಾಗಿ ಮೂಲೆಗುಂಪು ಮಾಡಿದ್ದರಲ್ಲಿರಬಹುದು. ಇದನ್ನು ನಿಮ್ಮಷ್ಟಕ್ಕೆ ನೀವೇ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ದೂರಿನಲ್ಲಿ ಒಂದೇ ಒಂದು ಕೊಂಡಿ ಸಡಿಲವಾಗಿದ್ದರೂ ಎದುರಿನವರು ಹಿಡಿದೆಳೆಯುವುದು ಅದನ್ನೇ.

ನಿಜವಾದ ಸುಧಾರಣಾ ಯೋಜನೆಯಲ್ಲಿ ಎಣಿಸಬಹುದಾದ ಗುರಿ ಇರುತ್ತದೆ, ದಿನಗಳ ಲೆಕ್ಕ ಇರುತ್ತದೆ, ನಡುನಡುವೆ ಪರಿಶೀಲನೆ ಇರುತ್ತದೆ, ಕಲಿಯಲು ನೆರವು ಇರುತ್ತದೆ. ‘ಮನೋಭಾವ ಬದಲಿಸಿಕೊಳ್ಳಬೇಕು’, ‘ಹೆಚ್ಚು ಹೊಣೆ ತೋರಬೇಕು’ ಎಂಬಂಥ ಅಳೆಯಲಾಗದ ಸಾಲುಗಳೇ ತುಂಬಿದ್ದರೆ ಅದು ಹೊರಹಾಕುವ ಕಾಗದ. ಪತ್ರವನ್ನು ತಿರಸ್ಕರಿಸಬೇಡಿ, ಒಪ್ಪಿ ಸಹಿಯನ್ನೂ ಹಾಕಬೇಡಿ. ‘ಸ್ವೀಕರಿಸಿದ್ದೇನೆ, ವಿಷಯವನ್ನು ಒಪ್ಪಿಲ್ಲ, ಉತ್ತರ ಪ್ರತ್ಯೇಕವಾಗಿ ಕೊಡುತ್ತೇನೆ’ ಎಂದು ಬರೆದು ತಾರೀಖು ಹಾಕಿ. ಎರಡು ಮೂರು ದಿನಗಳಲ್ಲಿ ಉತ್ತರ ಕೊಡಿ: ಹಿಂದಿನ ಅಂಕಗಳು, ನಿಮ್ಮಿಂದ ತೆಗೆದ ಕೆಲಸಗಳ ಪಟ್ಟಿ, ಆ ಕೆಲಸಗಳಿಲ್ಲದೆ ಗುರಿ ಮುಟ್ಟುವುದು ಹೇಗೆ ಎಂಬ ಪ್ರಶ್ನೆ.

ಪಾಶ್ ಕಾಯ್ದೆಯ 3ನೇ ಕಲಮಿನಲ್ಲಿ, ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿ ಉದ್ಯೋಗದಲ್ಲಿ ತೊಂದರೆ ಕೊಡುವ ಬೆದರಿಕೆ, ಕೆಲಸಕ್ಕೆ ಅಡ್ಡಿ, ಹಗೆಯ ವಾತಾವರಣ, ಅವಮಾನಕರ ವರ್ತನೆ ಎಲ್ಲವೂ ಸೇರಿವೆ. ಆದ್ದರಿಂದ ಈ ಪತ್ರದ ಸಂಗತಿಯನ್ನು ಸಮಿತಿಗೆ ಕೊಡುವ ದೂರಿನಲ್ಲೇ ಬರೆಯಬಹುದು. ಜೊತೆಗೆ ಮಧ್ಯಂತರ ಪರಿಹಾರ ಕೇಳಿ. ಅದನ್ನು ಬರಹದಲ್ಲಿ ಕೇಳಿದರೆ ಮಾತ್ರ ಸಿಗುತ್ತದೆ, ಬಹಳ ಜನ ಕೇಳುವುದನ್ನೇ ಮರೆಯುತ್ತಾರೆ. ನಿಮ್ಮ ಅಥವಾ ಆರೋಪಿತರ ವರ್ಗಾವಣೆ, ನಿಮ್ಮ ಲೆಕ್ಕದ ರಜೆಯ ಹೊರತಾಗಿ ಮೂರು ತಿಂಗಳವರೆಗೆ ರಜೆ, ಆರೋಪಿತರು ನಿಮ್ಮ ಕೆಲಸದ ಮೌಲ್ಯಮಾಪನ ಮಾಡದಂತೆ ತಡೆ, ಇಷ್ಟು ಕಾಯ್ದೆ ಮತ್ತು ನಿಯಮಗಳಲ್ಲೇ ಇವೆ. ನಿಮ್ಮ ಅಂಕ ಕೊಡುವವರು ಆರೋಪಿತರ ಆಪ್ತರಾದ್ದರಿಂದ, ವಿಚಾರಣೆ ಮುಗಿಯುವವರೆಗೆ ಬೇರೆ ಅಧಿಕಾರಿ ಮೌಲ್ಯಮಾಪನ ಮಾಡಲಿ ಎಂದು ಕೇಳುವುದು ನ್ಯಾಯವಾದ ಕೋರಿಕೆ.

ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಅದರಿಂದ ಸಮಿತಿಗೆ ದೂರು ಕೊಡುವ ಹಕ್ಕು ಹೋಗುವುದಿಲ್ಲ, ಆದರೆ ಮಧ್ಯಂತರ ಪರಿಹಾರಕ್ಕೆ ಅರ್ಥವೇ ಉಳಿಯದು. ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದರಂತೂ ಒತ್ತಾಯವಿತ್ತೆಂದು ನಂತರ ತೋರಿಸುವುದು ಬಹಳ ಕಷ್ಟ.

ಬರೆದಿಡುವುದು ಹೇಗೆ

ಸ್ವಂತ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಘಟನೆಗೂ ತಾರೀಖು, ಸಮಯ, ಜಾಗ, ಆಡಿದ ಮಾತು ಆಡಿದ ಭಾಷೆಯಲ್ಲೇ, ಯಾರಿದ್ದರು, ನೀವೇನು ಮಾಡಿದಿರಿ, ಕೆಲಸಕ್ಕೆ ಏನು ಪೆಟ್ಟಾಯಿತು. ‘ತುಂಬಾ ಕೆಟ್ಟದಾಗಿ ಮಾತಾಡಿದರು’ ಎಂಬ ಸಾಲಿಗೆ ಬೆಲೆ ಇಲ್ಲ. ಆಡಿದ ಆರು ಪದಗಳಿಗೆ ಬೆಲೆ ಇದೆ. ಹಳೆಯ ಘಟನೆಗಳನ್ನು ಈಗ ಬರೆಯುತ್ತಿದ್ದರೆ ಈಗ ಬರೆಯುತ್ತಿರುವ ತಾರೀಖನ್ನೇ ಹಾಕಿ. ಹಿಂದಿನ ತಾರೀಖು ಹಾಕಿದ್ದು ಗೊತ್ತಾದರೆ ಇಡೀ ಪುಸ್ತಕವೇ ನಂಬಿಕೆ ಕಳೆದುಕೊಳ್ಳುತ್ತದೆ. ಬಾಯಿಮಾತಿನ ಸೂಚನೆ ಬಂದರೆ ಅದೇ ದಿನ ಒಂದು ಮೇಲ್: ‘ಬೆಳಿಗ್ಗೆ ತಾವು ಹೇಳಿದಂತೆ ಈ ಕೆಲಸವನ್ನು ಇಂದಿನಿಂದ ಬಿಡುತ್ತಿದ್ದೇನೆ, ತಪ್ಪಾಗಿ ತಿಳಿದಿದ್ದರೆ ತಿಳಿಸಿ.’

ಮೆಸೇಜ್‌ಗಳ ಸ್ಕ್ರೀನ್‌ಶಾಟ್‌ನಲ್ಲಿ ನಂಬರು, ತಾರೀಖು, ಸಮಯ ಕಾಣಬೇಕು, ಕತ್ತರಿಸಬೇಡಿ. ತಾನಾಗಿ ಅಳಿಯುವ ಸೆಟ್ಟಿಂಗ್ ಇದ್ದರೆ ತಕ್ಷಣ ಆರಿಸಿ. ಚಾಟನ್ನು ಪೂರ್ತಿಯಾಗಿ ಎಕ್ಸ್‌ಪೋರ್ಟ್ ಮಾಡಿಡಿ. ಆ ಫೋನನ್ನು ಮಾರುವುದಾಗಲಿ ರೀಸೆಟ್ ಮಾಡುವುದಾಗಲಿ ಬೇಡ, ಏಕೆಂದರೆ ನ್ಯಾಯಾಲಯಕ್ಕೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ. ಆದರೆ ಸಂಸ್ಥೆಯ ಗೋಪ್ಯ ಕಡತಗಳನ್ನು, ಗ್ರಾಹಕರ ಮಾಹಿತಿಯನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಒಳ್ಳೆಯ ದೂರುಗಳು ಹಾಳಾಗುವುದು ಇಲ್ಲೇ: ಕಿರುಕುಳದ ವಿಚಾರಣೆ ಬದಿಗೆ ಸರಿದು ಮಾಹಿತಿ ಕದ್ದ ಆರೋಪ ಮುಂದೆ ಬರುತ್ತದೆ.

ಭಾನುವಾರ ಸಂಜೆಯಾಗುತ್ತಿದ್ದಂತೆ ಹೊಟ್ಟೆಯಲ್ಲಿ ತಳಮಳ, ನಿದ್ದೆಗೇಡು, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುವುದು ಇದ್ದರೆ ವೈದ್ಯರನ್ನು ಕಾಣಿ. ಮೊದಲು ನಿಮಗಾಗಿ. ಆಮೇಲೆ, ಆ ಚೀಟಿಯೂ ದಾಖಲೆ: ಪರಿಹಾರ ಮೊತ್ತ ನಿಗದಿ ಮಾಡುವಾಗ ಮಾನಸಿಕ ನೋವು, ಚಿಕಿತ್ಸೆಯ ಖರ್ಚು, ಕಳೆದುಕೊಂಡ ಅವಕಾಶಗಳನ್ನು ಸಮಿತಿ ಗಣಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಮಾತಾಡಬಹುದು. ಕಾನೂನು ನೆರವು ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100.

ಈ ವಾರ ಮಾಡಬೇಕಾದದ್ದು: ಕೊನೆಯ ಮೆಸೇಜಿನ ತಾರೀಖು ಹುಡುಕಿ, ಮೂರು ತಿಂಗಳು ಎಣಿಸಿ, ಅದಕ್ಕೆ ಹತ್ತು ದಿನ ಮೊದಲು ದೂರು ಕೈಸೇರುವಂತೆ ದಿನ ಗೊತ್ತುಮಾಡಿ. ಸಮಿತಿಯ ಸದಸ್ಯರ ಹೆಸರಿರುವ ಆದೇಶವನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಕಾಣದಿದ್ದರೆ ‘ಆಂತರಿಕ ಸಮಿತಿಯ ಸದಸ್ಯರ ಹೆಸರು ಮತ್ತು ಮೇಲ್ ವಿಳಾಸ ಕೊಡಿ’ ಎಂದು ಎಚ್‌ಆರ್‌ಗೆ ಒಂದೇ ಸಾಲಿನ ಮೇಲ್ ಹಾಕಿ. ಕಾರಣ ಬರೆಯುವ ಅಗತ್ಯವಿಲ್ಲ. ಜಾತಿ ಮೂದಲಿಕೆ ಮತ್ತು ಮೂಲೆಗುಂಪಿನ ದೂರನ್ನು ಬೇರೆ ಕಾಗದದಲ್ಲಿ, ನಡತೆ ಸಂಹಿತೆಯಡಿ ಕೊಡಿ. ಸಮಿತಿಯೇ ಇಲ್ಲವೆಂದು ಗೊತ್ತಾದರೆ ಸಂಸ್ಥೆಗೆ 50,000 ರೂಪಾಯಿವರೆಗೆ ದಂಡವಿದೆ. ಆಗ ಕೇಂದ್ರ ಸರ್ಕಾರದ ಶಿ-ಬಾಕ್ಸ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನು ಇದೇ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲಿರುವ ಸ್ಥಳೀಯ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.